ಮಲ್ಲಿಗೆಯ ಕಂಪು ಶೀಸೆಗೆ ಇಳಿಯುವ ಬಗೆ

ಮುಂಬಯಿಯ ಮಾಟುಂಗದಲ್ಲಿ ಸಂಜೆ ಹೂವಿನಂಗಡಿಗೆ ಹೋಗುವ ನಮ್ಮ ಊರಿನ ಹೆಂಗಸರು ಪೂರ್ತಿ ಅರಳಿದ ಮಲ್ಲಿಗೆಯನ್ನು ಬಿಟ್ಟು, ಇನ್ನೇನು ಬಿರಿಯಲಿರುವ ಮೊಗ್ಗಿನ ಮಾಲೆಯನ್ನೇ ಆರಿಸುತ್ತಾರೆ. ಈ ಆಯ್ಕೆ ರಸಾಯನಶಾಸ್ತ್ರಕ್ಕೂ ಒಪ್ಪುವಂಥದ್ದು. ಮಲ್ಲಿಗೆಯ ಮೊಗ್ಗಿನೊಳಗೆ ಕಂಪು ಸಿದ್ಧರೂಪದಲ್ಲಿ ಹೆಚ್ಚೇನೂ ಕೂಡಿಟ್ಟಿರುವುದಿಲ್ಲ. ಕತ್ತಲಾಗುವ ಹೊತ್ತಿಗೆ ಹೂವು ಬಿರಿಯುತ್ತಿದ್ದಂತೆ ಎಸಳುಗಳ ಜೀವಕೋಶಗಳು ಅದನ್ನು ಆಗಿಂದಾಗಲೇ ತಯಾರಿಸಿ ಗಾಳಿಗೆ ಬಿಡುತ್ತವೆ, ಮತ್ತು ಗಿಡದಿಂದ ಕೊಯ್ದ ಮೇಲೂ ಹಲವು ಗಂಟೆಗಳ ಕಾಲ ಈ ಕೆಲಸ ನಡೆಯುತ್ತಲೇ ಇರುತ್ತದೆ. ಉಡುಪಿಯ ಶಂಕರಪುರದಲ್ಲಿ ಕೊಯ್ದು, ಬಾಳೆನಾರಿನಿಂದ ಕಟ್ಟಿ, ಒಂದು ಚೆಂಡಿಗೆ 800 ಹೂವಿನ ಲೆಕ್ಕದಲ್ಲಿ ಮುಂಬಯಿಗೆ ಕಳಿಸಿದ ಮೊಗ್ಗುಗಳು ಇಲ್ಲಿಗೆ ಬಂದ ಮೇಲೂ ಘಮಿಸುವುದಕ್ಕೆ ಇದೇ ಮುಖ್ಯ ಕಾರಣ.

ಉಷ್ಣವಲಯದ ತೋಟದ ಪರಿಮಳವನ್ನು ಶೀಸೆಯಲ್ಲಿ ಹಿಡಿಯಬಯಸುವವರಿಗೆ ಮೊದಲ ತೊಡಕು ಇಲ್ಲಿಯೇ ಎದುರಾಗುತ್ತದೆ. ಕಂಪನ್ನು ಬಟ್ಟಿ ಇಳಿಸಲು ಬಳಸುವ ಬಿಸಿ ಹಬೆ ತಗುಲಿದರೆ ಹೂವಿನ ಜೀವಕೋಶ ಸಾಯುತ್ತದೆ, ನವಿರಾದ ಘಟಕಗಳು ಕೆಡುತ್ತವೆ. ಆದ್ದರಿಂದಲೇ ನಮ್ಮ ದೇಶದಲ್ಲಿ ಹಿಂದೆ ಎಳ್ಳು ಮತ್ತು ಮಲ್ಲಿಗೆಯನ್ನು ಪದರಪದರವಾಗಿ ಹರಡಿ, ಎಳ್ಳಿಗೆ ಕಂಪು ಹತ್ತಿದ ಮೇಲೆ ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದರು. ಈಗಿನ ಕಾರ್ಖಾನೆಗಳು ಹೆಕ್ಸೇನ್ ಎಂಬ ದ್ರಾವಕದಲ್ಲಿ ಹೂವನ್ನು ನೆನೆಸಿ ಮೇಣದಂಥ ಗಟ್ಟಿಯನ್ನು ಪಡೆದು, ಅದನ್ನು ಆಲ್ಕೋಹಾಲಿನಲ್ಲಿ ತೊಳೆದು, ಅಬ್ಸಲ್ಯೂಟ್ ಎಂಬ ಸಾರವನ್ನು ಬೇರ್ಪಡಿಸುತ್ತವೆ. ಒಂದು ಟನ್ ಹೂವಿಗೆ ದಕ್ಕುವ ಸಾರ ಒಂದೆರಡು ಕಿಲೋ ಮಾತ್ರ.

ಈ ಸಾರದಲ್ಲಿ ಹಣ್ಣಿನ ಛಾಯೆಯ ಬೆಂಜೈಲ್ ಅಸಿಟೇಟ್, ಹಗುರಾದ ಲಿನಲೂಲ್, ದ್ರಾಕ್ಷಿಯನ್ನು ನೆನಪಿಸುವ ಮಿಥೈಲ್ ಆಂಥ್ರನಿಲೇಟ್ ಇವೆಲ್ಲವೂ ಇರುತ್ತವೆ. ಇವುಗಳ ನಡುವೆ ನನಗೆ ಅತ್ಯಂತ ಕುತೂಹಲಕರವಾಗಿ ಕಾಣುವುದು ಇಂಡೋಲ್. ಸಾಂದ್ರವಾಗಿದ್ದಾಗ ಹೇಸಿಗೆ ಹುಟ್ಟಿಸುವ, ಮಲದಲ್ಲಿಯೂ ಇರುವ ಈ ವಸ್ತು ಅತಿ ಅಲ್ಪ ಪ್ರಮಾಣದಲ್ಲಿ ಹೂವಿನ ಕಂಪಾಗಿ ಪರಿಣಮಿಸುತ್ತದೆ. ಇದನ್ನು ಪೂರ್ತಿ ತೆಗೆದುಹಾಕಿದ ಮಲ್ಲಿಗೆ ಸೆಂಟು ಶುಭ್ರವಾಗಿರಬಹುದು, ಆದರೆ ರಾತ್ರಿ ಮುಡಿಯಲ್ಲಿ ಅರಳಿದ ಮಲ್ಲಿಗೆಯ ಆ ಗಾಢತೆ ಅದರಲ್ಲಿ ಇರುವುದಿಲ್ಲ.

ಕೇದಗೆಯ ಸ್ವಭಾವ ಬೇರೆ. ಅದು ಹಬೆಯನ್ನು ತಾಳಿಕೊಳ್ಳುತ್ತದೆ. ಒಡಿಶಾದ ಗಂಜಾಂ ಜಿಲ್ಲೆಯಲ್ಲಿ ಅದನ್ನು ಬಟ್ಟಿ ಇಳಿಸುವುದು ದೊಡ್ಡ ಕಸುಬು. ಉತ್ತರ ಪ್ರದೇಶದ ಕನ್ನೌಜಿನ ಅತ್ತರು ತಯಾರಕರು ಹಬೆಯೊಂದಿಗೆ ಬಂದ ಕಂಪನ್ನು ಸಾಂಪ್ರದಾಯಿಕವಾಗಿ ಶ್ರೀಗಂಧದ ಎಣ್ಣೆಯೊಳಗೆ ಹಿಡಿಯುತ್ತಾರೆ. ಶ್ರೀಗಂಧದ ಸ್ಯಾಂಟಲಾಲ್ ಅಣುಗಳು ಭಾರವಾದವು, ನಿಧಾನವಾಗಿ ಆವಿಯಾಗುವಂಥವು. ಜೊತೆಗಿರುವ ಹಗುರ ಅಣುಗಳ ಓಟವನ್ನೂ ಅವು ತಗ್ಗಿಸುತ್ತವೆ. ಮೇ ತಿಂಗಳ ಮುಂಬಯಿಯ ಸೆಖೆಯಲ್ಲಿ, ಲೋಕಲ್ ರೈಲು ಇಳಿಯುವುದರೊಳಗೆ ಹಗುರ ಸೆಂಟುಗಳು ಹಾರಿಹೋಗುವಾಗ, ಈ ಹಳೆಯ ವಿಧಾನದ ಜಾಣ್ಮೆ ಅರ್ಥವಾಗುತ್ತದೆ.

ಕಿತ್ತರೆ ಕೆಡುವ ಹೂಗಳಿಗೆ ಇನ್ನೊಂದು ಉಪಾಯವಿದೆ. ಗಿಡದಲ್ಲಿರುವ ಹೂವಿನ ಮೇಲೆ ಗಾಜಿನ ಪಾತ್ರೆ ಮುಚ್ಚಿ, ಅಲ್ಲಿನ ಗಾಳಿಯನ್ನು ಹೀರುವಸ್ತುವಿನ ಮೂಲಕ ಎಳೆದು, ಅದರಲ್ಲಿ ಸಿಕ್ಕ ಅಣುಗಳನ್ನು ಮಿಶ್ರಣದ ಘಟಕಗಳನ್ನು ಬೇರೆಬೇರೆ ಮಾಡುವ ಗ್ಯಾಸ್ ಕ್ರೊಮಾಟೋಗ್ರಫಿ ಎಂಬ ವಿಧಾನದಿಂದ ಗುರುತಿಸುತ್ತಾರೆ. ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ರೋಮನ್ ಕೈಸರ್ ಮಳೆಕಾಡಿನ ಹೂಗಳ ಕಂಪನ್ನೂ ಹೀಗೆಯೇ ದಾಖಲಿಸಿದರು. ಹೂವನ್ನು ಕೊಯ್ಯದೆಯೇ ಅದರ ಕಂಪನ್ನು ಪ್ರಯೋಗಾಲಯದಲ್ಲಿ ಮರುಜೋಡಿಸಲು ಇದರಿಂದ ಸಾಧ್ಯವಾಗುತ್ತದೆ.

‘ಸ್ಥಳೀಯ ಹೂಗಳಿಂದ ಪ್ರೇರಿತ’ ಎನ್ನುವ ಸುಗಂಧಗಳಲ್ಲಿ ದೇವಕಣಗಿಲೆ, ಸುಗಂಧರಾಜಗಳಿಗೆ ಸದಾ ಮುಂದಿನ ಸಾಲು. ಮನಸೆಳೆಯುವ ಹೂಗಳೇನೋ ಹೌದು, ಆದರೆ ಎರಡೂ ಅಮೆರಿಕ ಖಂಡದಿಂದ ಬಂದವು. ನಿಜವಾಗಿ ಇಲ್ಲಿಯವೇ ಆದ ಬಕುಳ ಮತ್ತು ಸುರಂಗಿಗೆ ಇನ್ನೂ ಹೆಚ್ಚಿನ ಗಮನ ಸಲ್ಲಬೇಕು. ಮುಂಬಯಿಯ ರಸ್ತೆಬದಿಯಲ್ಲಿ ನೆರಳಿಗಾಗಿ ನೆಟ್ಟ ಬಕುಳದ ಕೆಳಗೆ ಬೆಳಗ್ಗೆ ಉದುರಿದ ಹೂಗಳನ್ನು ಜನ ತುಳಿದು ನಡೆಯುತ್ತಾರೆ. ಪಶ್ಚಿಮ ಘಟ್ಟದ ಸುರಂಗಿ ಬೇಸಿಗೆಯ ಮೊದಲ ಭಾಗದಲ್ಲಿ ಬಿಡುತ್ತದೆ. ಸಿಂಧುದುರ್ಗ ಜಿಲ್ಲೆಯಲ್ಲಿ ಅದರ ಮೊಗ್ಗುಗಳನ್ನು ಮರದಿಂದ ಇಳಿಸಿ ಒಣಗಿಸುತ್ತಾರೆ, ಸುಗಂಧ ತಯಾರಕರಿಗಾಗಿ ವ್ಯಾಪಾರಿಗಳು ಅವನ್ನು ಕೊಳ್ಳುತ್ತಾರೆ. ಇವೆರಡೂ ಒಣಗಿದ ಮೇಲೂ ಕಂಪನ್ನು ಉಳಿಸಿಕೊಳ್ಳುವುದರಿಂದ, ಮಲ್ಲಿಗೆಯ ಹಾಗೆ ಕೊಯ್ದ ದಿನವೇ ಕಾರ್ಖಾನೆಗೆ ಧಾವಿಸುವ ಅಗತ್ಯ ಇವುಗಳಿಗೆ ಇಲ್ಲ.