ಅಪ್ಪನಿಗೆ ಲಿಂಕ್ ಕಳಿಸಬೇಡಿ

"ಮೇಡಂ, ನೀವೇ ಸ್ವಲ್ಪ ಬುದ್ಧಿ ಹೇಳಿ." ಜಯನಗರದ ನನ್ನ ಕೌನ್ಸೆಲಿಂಗ್ ಕೋಣೆಗೆ ಅಪ್ಪನನ್ನೋ ಅತ್ತೆಯನ್ನೋ ಕರೆತರುವವರು ಕೂರುವ ಮೊದಲೇ ಹೇಳುವ ಮಾತಿದು. ವಾಟ್ಸಾಪ್‌ನ ಪಿತೂರಿ ಕಥೆ ನಂಬಿಬಿಟ್ಟಿದ್ದಾರೆ, ಸಾಕ್ಷಿ ತೋರಿಸಿದರೆ ಸರಿಹೋಗ್ತಾರೆ ಅನ್ನೋದು ಅವರ ಲೆಕ್ಕ. ನಾನು ಎಷ್ಟು ಸಲ ಹೇಳಿದರೂ ಒಂದು ವಿಷಯ ಯಾರ ತಲೆಗೂ ಹೋಗುವುದಿಲ್ಲ. ಭಯವೋ ಸಿಟ್ಟೋ ಮೊದಲೇ ಒಳಗೆ ಕೂತಿರುತ್ತದೆ. ಅದಕ್ಕೊಂದು ಕಾರಣ ಬೇಕಾಗಿರುತ್ತದೆ. ಕಥೆ ಆಮೇಲೆ ಬರುತ್ತದೆ.

ಒಬ್ಬ ಹಿರಿಯರ ವಿಷಯ ಹೇಳ್ತೀನಿ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತವರು. ತಮ್ಮ ಪಕ್ಷವನ್ನು ಸೋಲಿಸಿದ್ದು ಮತಯಂತ್ರದ ಮೋಸ ಅಂತ ನಂಬಿದ್ದರು. ಮಗ ಸಾಫ್ಟ್‌ವೇರ್‌ನವನು. ಯಂತ್ರಕ್ಕೆ ಇಂಟರ್‌ನೆಟ್ಟೇ ಇಲ್ಲ, ಒತ್ತಿದ ಚಿಹ್ನೆ ಚೀಟಿಯಲ್ಲಿ ಅಚ್ಚಾಗಿ ಪಕ್ಕದ ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನ ಹಿಂದೆ 7 ಸೆಕೆಂಡ್ ಕಾಣುತ್ತದೆ ಅಂತ ಚಿತ್ರ ಬರೆದು ವಿವರಿಸಿದ. ಅಪ್ಪ ಕೇಳಿದ್ದು, "7 ಸೆಕೆಂಡೇ ಯಾಕೆ? ಮುಚ್ಚಿಡೋಕೆ ಏನೂ ಇಲ್ಲ ಅಂದ್ರೆ ಚೀಟಿ ಕೈಗೇ ಕೊಡಲಿ." ಮಗ ತಂದ ಸಾಕ್ಷಿಯೇ ಹೊಸ ಅನುಮಾನವಾಯಿತು.

ನಾನು ಯಂತ್ರದ ಮಾತೇ ಎತ್ತಲಿಲ್ಲ. ಇದು ಯಾವಾಗಿಂದ ಅಂತ ಕೇಳಿದೆ. ಹೆಂಡತಿ ತೀರಿಕೊಂಡ ಮೇಲೆ ವಿಜಯನಗರದ ಮನೆ ಮಾರಿಸಿ ಅವರನ್ನು ವೈಟ್‌ಫೀಲ್ಡ್‌ನ ಫ್ಲ್ಯಾಟಿಗೆ ಕರೆತಂದಿದ್ದರು. ಮಾರುವಾಗ ಅವರನ್ನು ಯಾರೂ ಸರಿಯಾಗಿ ಕೇಳಿರಲಿಲ್ಲ. ನಮಗೆ ಗೊತ್ತಿಲ್ಲದ ಹಾಗೆ ಯಾರೋ ಎಲ್ಲವನ್ನೂ ತೀರ್ಮಾನ ಮಾಡ್ತಾರೆ ಅನ್ನುವುದನ್ನು ಅವರು ಮನೆಯಲ್ಲೇ ಕಂಡಿದ್ದರು, ಫೋನಿಗೆ ಬಂದ ಮೆಸೇಜೂ ಅದನ್ನೇ ಹೇಳಿತು, ಅದೂ ಹಳೇ ಕಾರ್ಖಾನೆ ಗೆಳೆಯರ ಗುಂಪಿನಿಂದ.

2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿಂದ ಗುವಾಹಟಿ ರೈಲು ಹತ್ತಿದ್ದು ನೆನಪಿದೆಯಲ್ವಾ? ದಾಳಿ ಆಗುತ್ತೆ ಅನ್ನುವ ಎಸ್‌ಎಂಎಸ್ ಸುಳ್ಳು. ಆದರೆ ಅದರ ಹಿಂದಿನ ತಿಂಗಳು ಅಸ್ಸಾಂನ ಕೊಕ್ರಾಜಾರ್‌ನಲ್ಲಿ ಶುರುವಾದ ಹಿಂಸೆ ನಿಜ. ಕೇಂದ್ರ ಸರ್ಕಾರ ಬಲ್ಕ್ ಎಸ್‌ಎಂಎಸ್‌ಗೆ ತಡೆ ಹಾಕುವಷ್ಟರಲ್ಲಿ ರೈಲುಗಳು ತುಂಬಿ ಹೋಗಿದ್ದವು. ಆ ಹುಡುಗರನ್ನು ದಡ್ಡರು ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ.

ಎಲ್ಲರಿಗೂ ಇದೊಂದೇ ಕಾರಣ ಅಂತಲ್ಲ. ಪಕ್ಷದ ಅಭಿಮಾನ ಇರುತ್ತದೆ. ಒಂದೇ ಮಾತನ್ನು ಪದೇ ಪದೇ ಕೇಳಿದರೆ ನಿಜ ಅನಿಸತೊಡಗುತ್ತದೆ ಅಂತ 1977ರಲ್ಲೇ ಪ್ರಯೋಗದಲ್ಲಿ ಕಂಡುಕೊಂಡಿದ್ದಾರೆ. ಸುಮ್ನೆ ಇದಕ್ಕೆ ಕಾಯಿಲೆಯ ಹೆಸರು ಕಟ್ಟಬೇಡಿ. ಆದರೆ "ನನ್ನನ್ನೇ ಹಿಂಬಾಲಿಸ್ತಿದ್ದಾರೆ, ಊಟದಲ್ಲಿ ಏನೋ ಬೆರೆಸ್ತಿದ್ದಾರೆ" ಅಂತ ನಿದ್ದೆಗೆಟ್ಟು ಕೂತರೆ ತಡಮಾಡದೆ ಮನೋವೈದ್ಯರಿಗೆ ತೋರಿಸಿ.

ಉಳಿದವರಿಗೆ ನನ್ನ ಬೇಡಿಕೆ ಇಷ್ಟೇ. ದಯವಿಟ್ಟು ಮನೆಮಂದಿಯ ಮುಂದೆ ವಾದ ಮಾಡಿ ಅವರನ್ನು ಸೋಲಿಸಬೇಡಿ.

ಆ ಮಗ ಈಗ ಭಾನುವಾರ ಅಪ್ಪನನ್ನು ವಿಜಯನಗರಕ್ಕೆ ಕರೆದುಕೊಂಡು ಹೋಗುತ್ತಾನೆ, ಹಳೇ ಕ್ಷೌರದಂಗಡಿಗೆ, ಆಮೇಲೆ ದೋಸೆಗೆ. ಮತಯಂತ್ರದ ಬಗ್ಗೆ ಅಪ್ಪನ ಅಭಿಪ್ರಾಯ ಬದಲಾಗಿಲ್ಲ. ಆದರೆ ಹೋದ ತಿಂಗಳು ಕಾರಿನಲ್ಲಿ ಅವರಾಗೇ ಕೇಳಿದರಂತೆ, "ಆ ಚೀಟಿಗಳನ್ನ ಎಷ್ಟು ಎಣಿಸ್ತಾರೋ?" ಮಗನಿಗೂ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಹುಡುಕಿದರು. 2019ರ ಸುಪ್ರೀಂ ಕೋರ್ಟ್ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 5 ಮತಗಟ್ಟೆಗಳದ್ದು.

"ಐದೇನಾ?" ಅಂದರಂತೆ ಅಪ್ಪ. ಮಗ ಈ ಸಲ ವಾದ ಮಾಡಲಿಲ್ಲ.