ಆ ಹಸುರು ಎಷ್ಟು ಹೊತ್ತಿಂದ್ರಿ?

ಸರ್ವರ್‌ಗಳು ಸರಿ ನಡದಾವೋ ಇಲ್ಲೋ ಅಂತ ನೋಡ್ಕೊಳ್ಳೋ ಮಾನಿಟರಿಂಗ್ ಹಾಕಿಕೊಡೋದು ನನ್ನ ಕೆಲಸ. ತಿಂಗಳಿಗೆ ಒಬ್ರಾದ್ರೂ ಫೋನ್ ಮಾಡಿ "ಸರ್, ಡ್ಯಾಶ್‌ಬೋರ್ಡ್‌ನಾಗ ಎಲ್ಲಾ ಹಸುರ ಐತಿ, ಆದ್ರ ಬಿಲ್ಲಿಂಗ್ ನಿಂತೈತಿ" ಅಂತಾರ. ನಾ ಕೇಳೋದು ಒಂದ, ಆ ಹಸುರು ಎಷ್ಟು ಹೊತ್ತಿಂದ್ರಿ? ಅದನ್ನ ಯಾರೂ ನೋಡಿರಂಗಿಲ್ಲ.

ಗಂಗಾವತಿ ರೈಸ್‌ಮಿಲ್ ಸಾಹುಕಾರ್ರೊಬ್ರದು, ಕಾರಟಗಿ ಸಿಂಧನೂರಾಗೂ ಗೋಡೌನು. ಮೂರೂ ಕಡೆ ಸರ್ವರ್‌ನಾಗ ಒಂದೊಂದು ಏಜೆಂಟ್ (ಮಷೀನ್ ಹ್ಯಾಂಗೈತಿ ಅಂತ ನಂಬರ್ ಕಳಿಸೋ ಸಣ್ಣ ಪ್ರೋಗ್ರಾಂ), ನಡುವ ಎಲ್ಲಾದ್ರ ಲೆಕ್ಕ ಕೂಡಿಸೋ ಮಿಡಲ್‌ವೇರು, ಆಫೀಸ್‌ನಾಗ ದೊಡ್ಡ ಟಿವಿ. ಮೇ ತಿಂಗಳಾಗ ಹೋಗಿದ್ದೆ. ಕಾರಟಗಿ ಸಿಪಿಯು 54 ಡಿಗ್ರಿ. ಮುಂಜಾನೆದು ತೆಗೆದು ನೋಡಿದೆ, 54. ಹಿಂದಿನ ರಾತ್ರಿದೂ 54. "ಮೂರು ದಿನದಿಂದ ಒಂದ ಸಮ ಐತಲ್ಲೋ ತಮ್ಮಾ, ಚಲೋನ ಅಲ್ಲೇನು" ಅಂದ್ರು ಸಾಹುಕಾರ್ರು. ಏಸಿ ಇಲ್ಲದ ತಗಡಿನ ರೂಮು, ನಮ್ಮ ಕಡೆ ಬಿಸಿಲು, ಒಂದ ಸಮ ಹ್ಯಾಂಗಿರ್ತೈತ್ರಿ? ಕರೆಂಟ್ ಹೋಗಿ ಬಂದಾಗ ಏಜೆಂಟ್ ಮತ್ತ ಎದ್ದೇ ಇಲ್ಲ, ಮಿಡಲ್‌ವೇರು ಕಡೀಗೆ ಬಂದ ನಂಬರ್ ಹಿಡ್ಕೊಂಡು ಕುಂತಿತ್ತು.

ನಂಬರ್ ಬರಲಿಲ್ಲ ಅನ್ನೋದು ಬೇರೆ, ಸೊನ್ನೆ ಬಂತು ಅನ್ನೋದು ಬೇರೆ, ಎಲ್ಲಾ ಸರಿ ಐತಿ ಅನ್ನೋದು ಮತ್ತೂ ಬೇರೆ. ಡಿಸ್ಕ್ 90 ಪರ್ಸೆಂಟ್ ದಾಟಿದ್ರ ಅಲಾರಂ ಹೊಡಿ ಅಂತ ಹಾಕಿರ್ತೀರಿ, ನಂಬರ ಬರಲಿಲ್ಲ ಅಂದ್ರ 90 ದಾಟೋದು ಹ್ಯಾಂಗ, ಹೊಡಿಯೋದು ಹ್ಯಾಂಗ? ಬರಲಿಲ್ಲ ಅನ್ನೋದಕ್ಕ ಬೇರೆನ ಒಂದು ಅಲಾರಂ ಬೇಕು. ಇದು ಹೊಸಾ ಮಾತೇನಲ್ಲ. ಅಮೆರಿಕಾದ ಬರ್ಕ್ಲಿ ಯೂನಿವರ್ಸಿಟಿಯಾಗ ಕ್ಲಸ್ಟರ್‌ಗಳಿಗಂತ (ಕೂಡಿ ಕೆಲಸ ಮಾಡೋ ಕಂಪ್ಯೂಟರ್ ಗುಂಪಿಗಂತ) ಮಾಡಿದ ಗ್ಯಾಂಗ್ಲಿಯಾ ಅನ್ನೋ ಮಾನಿಟರಿಂಗ್ ಸಾಫ್ಟ್‌ವೇರ್‌ನಾಗ ಪ್ರತಿ ನಂಬರ್ ಜೊತಿ ಅದು ಬಂದು ಎಷ್ಟು ಸೆಕೆಂಡ್ ಆತು, ಹೆಚ್ಚಂದ್ರ ಎಷ್ಟರಾಗ ಮತ್ತ ಬರಬೇಕು ಅನ್ನೋದೂ ಬರ್ತೈತಿ. ಪ್ರೊಮಿಥಿಯಸ್ ಅನ್ನೋ ಇನ್ನೊಂದು ಅಂಥಾ ಸಾಫ್ಟ್‌ವೇರ್ ಅಂತೂ ತಾನಾ ಹೋಗಿ ಕೇಳ್ತೈತಿ, ಉತ್ತರ ಬರಲಿಲ್ಲ ಅಂದ್ರ 'ಅಪ್' ಅನ್ನೋದನ್ನ 0 ಅಂತ ಬರ್ಕೊಂತೈತಿ. ಬರ್ಕೊಂಡಿದ್ದನ್ನ ನೋಡೋ ರೂಲ್ ಮಾತ್ರ ನೀವ ಹಾಕಬೇಕು, ಅದನ್ನ ಯಾರೂ ಹಾಕಂಗಿಲ್ಲ.

ನಂಬರ್ ಬರಲಿಲ್ಲ ಅಂತ ಅಲಾರಂ ಹೊಡಿಯೋಕ ಮುಂಚೆ ಎಷ್ಟು ನಿಮಿಷ ಕಾಯ್ಬೇಕು ಅಂತ ಎಲ್ಲಾರಿಗೂ ಒಂದ ಲೆಕ್ಕ ಹೇಳಾಕ ಬರಂಗಿಲ್ಲ. ಭಾಳ ಕಮ್ಮಿ ಇಟ್ರ ಕರೆಂಟ್ ಮಿಣಕ್ ಅಂದಾಗೆಲ್ಲ ಫೋನ್ ಬಡ್ಕೊಂತೈತಿ, ಎರಡನೇ ವಾರಕ್ಕ ಹುಡುಗ್ರು ಮ್ಯೂಟ್ ಮಾಡಿ ಮಲಗ್ತಾರ. ಸಾಹುಕಾರ್ರಿಗೆ ನಾ ಐದು ನಿಮಿಷ ಇಟ್ಟೀನಿ, ನಿಮ್ಮ ಲೈನ್ ನೋಡಿ ನೀವು ಇಟ್ಕೊಳ್ರಿ.

ಈಗ ಅವರ ಟಿವಿಯಾಗ ಪ್ರತಿ ನಂಬರ್ ಬಾಜೂಕ "ಇಷ್ಟು ನಿಮಿಷದ ಹಿಂದಿಂದು" ಅಂತ ಬರ್ತೈತಿ. ಮೊನ್ನೆ ಸಾಹುಕಾರ್ರ ಕೇಳಿದ್ರು, "ಈ ಟಿವಿ ಹಿಂದ ನಡಿಯೋ ಸಿಸ್ಟಮ್ಮ ಸತ್ರ ಯಾರು ಹೇಳ್ತಾರ?" ಖರೇ ಖುಷಿ ಆತು. ಹೊರಗ ಬೇರೆ ಕಡೆಯಿಂದ ಇದನ್ನ ನಿಮಿಷಕ್ಕೊಮ್ಮೆ ನೋಡೋದಕ್ಕ ಸಣ್ಣದೊಂದು ಸರ್ವರ್ ಬೇಕ್ರಿ ಅಂತ ಕೊಟೇಶನ್ ಕೊಟ್ಟೀನಿ. ಇನ್ನೂ ಟೇಬಲ್ ಮ್ಯಾಲ ಐತಂತ.