ಹಳೆಯ ಗೋಡೆಗೆ ಮೆತ್ತನೆಯ ಗಾರೆಯೇ ಏಕೆ ಬೇಕು

ಹಳೆಯ ಕಟ್ಟಡಗಳ ದುರಸ್ತಿಯನ್ನೇ ವೃತ್ತಿಯಾಗಿ ಹಿಡಿಯುವವರು ಮೊದಲು ತಿಳಿಯಬೇಕಾದದ್ದು: ಸಂದಿನ ಗಾರೆ ಯಾವತ್ತೂ ಅಕ್ಕಪಕ್ಕದ ಕಲ್ಲು, ಇಟ್ಟಿಗೆಗಿಂತ ಮೆತ್ತಗಿರಬೇಕು. ಗೋಡೆಯೊಳಗಿನ ತೇವ ಸುಣ್ಣದ ಗಾರೆಯ ಮೂಲಕ ಹೊರಬಂದು ಆರುತ್ತದೆ, ಜೊತೆಗೆ ಬಂದ ಉಪ್ಪು ಅಲ್ಲೇ ಹರಳುಗಟ್ಟುತ್ತದೆ. ಸವೆಯುವುದು ಗಾರೆ, ಉಳಿಯುವುದು ಇಟ್ಟಿಗೆ. ಅದೇ ಸಂದಿಗೆ ಸಿಮೆಂಟ್ ತುಂಬಿದರೆ ತೇವದ ದಾರಿ ಮುಚ್ಚಿ, ನೀರೂ ಉಪ್ಪೂ ಇಟ್ಟಿಗೆಯ ಮೈಯಿಂದಲೇ ಹೊರಬರತೊಡಗುತ್ತವೆ. ರಂಧ್ರಗಳೊಳಗೆ ಬೆಳೆದ ಹರಳು ಇಟ್ಟಿಗೆಯ ಮುಖವನ್ನು ಚಕ್ಕೆಚಕ್ಕೆಯಾಗಿ ಕೀಳುತ್ತದೆ. ಕೊನೆಗೆ ಸಿಮೆಂಟಿನ ಗೆರೆಗಳು ಮುಂದೆ ಚಾಚಿ ನಿಲ್ಲುತ್ತವೆ, ನಡುವಿನ ಇಟ್ಟಿಗೆ ಕರಗಿ ಗುಳಿ ಬೀಳುತ್ತದೆ.

ಹೊಸ ಗಾರೆ ಕಲಸುವ ಮುನ್ನ ಹಳೆಯದನ್ನು ಓದಬೇಕು. ಮಳೆ ತಾಗದ ಜಾಗದಿಂದ ಒಂದು ಹೆಂಟೆ ತೆಗೆದು ಪುಡಿ ಮಾಡಿ ನೀರು ಬೆರೆತು ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿದರೆ ಸುಣ್ಣ ನೊರೆಯೆದ್ದು ಕರಗುತ್ತದೆ, ಮರಳು ಉಳಿಯುತ್ತದೆ. ಅದನ್ನು ತೊಳೆದು ಒಣಗಿಸಿ ಜರಡಿ ಹಿಡಿದರೆ ಕಾಳಿನ ಗಾತ್ರ, ಬಣ್ಣ ಎರಡೂ ಗೊತ್ತಾಗುತ್ತವೆ. ಮರಳಿನಲ್ಲಿ ಚಿಪ್ಪು ಅಥವಾ ಸುಣ್ಣದ ಕಲ್ಲಿನ ಚೂರಿದ್ದರೆ ಅವೂ ಕರಗಿ ಲೆಕ್ಕ ತಪ್ಪುತ್ತದೆ. ಆದ್ದರಿಂದ ಮೊದಲೇ ಭೂತಗನ್ನಡಿಯಲ್ಲಿ ನೋಡಿಕೊಳ್ಳಬೇಕು.

ಸಂದಿನ ಹಾಳಾದ ಗಾರೆ ಕೆದಕಿ ತೆಗೆಯುವುದಕ್ಕೆ ಸಂದಿಗಿಂತ ಕಿರಿದಾದ ಉಳಿ ಮತ್ತು ಸುತ್ತಿಗೆ ಸಾಕು. ಆಳ ಸಂದಿನ ಅಗಲದ ಎರಡರಷ್ಟಾದರೂ ಇರಲಿ. ಇಟ್ಟಿಗೆ ಗೋಡೆಯಲ್ಲಿ ಸಾಮಾನ್ಯವಾಗಿ 25 ಮಿಲಿಮೀಟರ್. ಅದಕ್ಕಿಂತ ಕಡಿಮೆಯಾದರೆ ಹೊಸ ಗಾರೆ ತೆಳು ಪಟ್ಟಿಯಾಗಿ ಉದುರುತ್ತದೆ. ವಿದ್ಯುತ್ ಗ್ರೈಂಡರ್ ವೇಗವಾಗಿ ಸಾಗುತ್ತದೆ ನಿಜ, ಆದರೆ ಚಿಕ್ಕ ಲಂಬ ಸಂದುಗಳಲ್ಲಿ ಅದರ ಚಕ್ರ ಮೇಲಿನ, ಕೆಳಗಿನ ಇಟ್ಟಿಗೆಗಳನ್ನೂ ಕೊಯ್ಯುತ್ತದೆ. ಆ ಗಾಯವನ್ನು ಯಾವ ಕೌಶಲವೂ ಮುಚ್ಚಲಾರದು. ಗಟ್ಟಿಯಿರುವ ಹಳೆಯ ಗಾರೆಯನ್ನು ಮುಟ್ಟಲೇಬಾರದು. ಸಿಮೆಂಟ್ ಎಬ್ಬಿಸುವಾಗ ಇಟ್ಟಿಗೆಯ ಅಂಚೇ ಕಿತ್ತು ಬರುತ್ತಿದ್ದರೆ, ಅದು ತಾನಾಗಿ ಸಡಿಲವಾಗುವವರೆಗೆ ಬಿಡುವುದೇ ಲೇಸು.

ಸುಟ್ಟ ಸುಣ್ಣವನ್ನು ಅರಳಿಸುವಾಗ ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರಲ್ಲ. ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು, ರಕ್ಷಣಾ ಕನ್ನಡಕ ಕಡ್ಡಾಯ. ಸೋಸಿದ ಸುಣ್ಣ ನೀರಿನಡಿ ಕನಿಷ್ಠ ಮೂರು ತಿಂಗಳು ಹದವಾಗಲಿ. ಅರಳದ ಕಾಳು ಉಳಿದರೆ ಗೋಡೆಯಲ್ಲಿ ಮುಂದೆಂದೋ ಅರಳಿ ಗುಳ್ಳೆ ಎಬ್ಬಿಸುತ್ತದೆ.

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸಾಮಾನ್ಯ ಅಳತೆ, ಏಕೆಂದರೆ ಮರಳಿನ ಕಾಳುಗಳ ನಡುವಿನ ಖಾಲಿ ಜಾಗ ಸುಮಾರು ಮೂರನೇ ಒಂದು ಭಾಗ. ಸುಣ್ಣದಲ್ಲಿರುವ ನೀರೇ ಬಹುಪಾಲು ಸಾಕು. ಒಣಗಿದಂತೆ ಕಂಡರೆ ಇನ್ನಷ್ಟು ಕುಟ್ಟಿ, ನಾದಿ; ಮೆತ್ತಗಾಗುತ್ತದೆ. ನೀರು ಸುರಿದು ಸುಲಭ ಮಾಡಿಕೊಂಡ ಗಾರೆ ಆರುವಾಗ ಕುಗ್ಗಿ ಬಿರುಕು ಬಿಡುತ್ತದೆ.

ತುಂಬುವ ಮುನ್ನ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ನೆನೆಸಿ, ಮೇಲೆ ನೀರು ಮಿಂಚದಷ್ಟು ಆರಲು ಬಿಡಿ. ಒಣ ಇಟ್ಟಿಗೆ ಗಾರೆಯ ನೀರನ್ನು ಕ್ಷಣದಲ್ಲಿ ಹೀರುತ್ತದೆ. ಆಳದ ಸಂದನ್ನು ಪದರ ಪದರವಾಗಿ ಒತ್ತಿ ತುಂಬಿ. ಹೆಬ್ಬೆರಳಿಗೆ ತಗ್ಗದೆ ಉಗುರಿಗೆ ಮಾತ್ರ ಗೀರು ಬೀಳುವ ಹದದಲ್ಲಿ ಬಿರುಸು ಬ್ರಷ್‌ನ ತುದಿಯಿಂದ ತಟ್ಟಿ. ಉಜ್ಜಬೇಡಿ. ತಟ್ಟಿದಾಗ ಮೇಲಿನ ಸುಣ್ಣದ ಪೊರೆ ಒಡೆದು ಮರಳು ಕಾಣುತ್ತದೆ, ಗಾಳಿ ಒಳಹೋಗುತ್ತದೆ.

ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಅದೂ ತೇವ ಇದ್ದರೆ ಮಾತ್ರ. ಹಾಗಾಗಿ ಕನಿಷ್ಠ ಒಂದು ವಾರ ಒದ್ದೆ ಗೋಣಿ ಇಳಿಬಿಟ್ಟು ಬಿಸಿಲು, ಬೀಸುಗಾಳಿಯಿಂದ ಕಾಯಬೇಕು. ಬೇಗ ಒಣಗಿದ ಸಂದು ಬೆಳ್ಳಗಾಗಿ ಬೆರಳಿಗೆ ಪುಡಿ ಅಂಟುತ್ತದೆ. ಅದು ಮತ್ತೆ ಗಟ್ಟಿಯಾಗದು, ಕೆದಕಿ ಹೊಸದಾಗಿ ತುಂಬಲೇಬೇಕು. ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯುವ ಕಾಲದಲ್ಲಿ ಈ ಕೆಲಸ ಹಿಡಿಯಬೇಡಿ.

ಈ ಕಸುಬು ಕಲಿಯುವವನಿಗೆ ಸೋಸುವುದು, ಕುಟ್ಟುವುದು ಮೊದಲು, ಕೆದಕುವುದು ಆಮೇಲೆ, ಸಂದು ತುಂಬುವ ಕರಣೆ ಕೈಗೆ ಬರುವುದು ತಡವಾಗಿ. ಈ ಕ್ರಮ ಸರಿಯಾದದ್ದೇ. ಗಾರೆಯ ಹದ ಕೈಗೆ ಗೊತ್ತಾಗದವನಿಗೆ ಗೋಡೆ ಒಪ್ಪಿಸಬಾರದು. ಕೆಲಸ ಮುಗಿದ ಮೇಲೆ ಯಾವ ಗೋಡೆಗೆ ಯಾವ ಮರಳು, ಎಷ್ಟು ಸುಣ್ಣ, ಯಾವ ದಿನ ಎಂದು ಬರೆದು ಕಟ್ಟಡದ ಕಡತದಲ್ಲಿಡಿ. ಮುಂದೆ ಆ ಸಂದನ್ನು ತುಂಬುವವರಿಗೆ ಅದೇ ಬೇಕಾಗುತ್ತದೆ.